ಹೊಲ ಹುಡುಕಬೇಡಿ, ಅರ್ಜಿ ಹುಡುಕಿ: ಅಮೆರಿಕದ ಸೈನಿಕರ ಜಮೀನು ಕಾಗದಗಳಲ್ಲಿ ಮನೆತನದ ಜಾಡು

ನಮ್ಮ ಬೀಗರು ಓಹಿಯೋದವರು. ಮಗ ಅಲ್ಲಿನ ಹುಡುಗಿಯನ್ನು ಮದುವೆಯಾದ ಮೇಲೆ ಆ ಸೀಮೆಗೂ ನಮಗೂ ನೆಂಟಸ್ತಿಕೆ ಬೆಳೆಯಿತು. ಹೋದ ಸಲ ಹೋಗಿದ್ದಾಗ ಮೊಮ್ಮಗಳಿಗೆ ಶಾಲೆಯಲ್ಲಿ ವಂಶವೃಕ್ಷ ಬರೆದು ತರಲು ಹೇಳಿದ್ದರು. ನಮ್ಮ ಕಡೆಯದು ಅರ್ಧ ಗಂಟೆಯಲ್ಲಿ ಮುಗಿಯಿತು. ಹಾಸನದ ಹತ್ತಿರದ ಹೊಲಕ್ಕೆ ಪೌತಿ ಖಾತೆ ಮಾಡಿಸುವಾಗ ಕಚೇರಿಗೆ ಕೊಟ್ಟಿದ್ದ ವಂಶವೃಕ್ಷದ ಫೋಟೊ ನನ್ನ ಫೋನಿನಲ್ಲೇ ಇತ್ತು. ಮುತ್ತಜ್ಜ, ಅವರ ಅಣ್ಣತಮ್ಮಂದಿರು, ಮಕ್ಕಳಿಲ್ಲದೆ ತೀರಿಕೊಂಡವರು, ಎಲ್ಲರೂ ಒಂದೇ ಹಾಳೆಯಲ್ಲಿ.

ಬೀಗರ ಕಡೆ ಮಾತ್ರ ಕೆಲವು ತಲೆಮಾರು ಹಿಂದಕ್ಕೆ ಹೋಗುತ್ತಲೇ ದಾರಿ ಮುಚ್ಚಿತು. ಒಬ್ಬ ಹಿರಿಯ 1812ರ ಯುದ್ಧಕ್ಕೆ ಹೋಗಿದ್ದ ಎಂದು ಮನೆಯಲ್ಲಿ ಹೇಳುತ್ತಿದ್ದರು. ಅವನ ಹೆಸರೂ ಗೊತ್ತಿತ್ತು. ಆದರೆ ಅವನ ಹೆಂಡತಿ ಯಾವ ಮನೆಯ ಮಗಳು, ಎಲ್ಲಿಂದ ಬಂದವಳು ಎಂದು ಯಾರಿಗೂ ಗೊತ್ತಿರಲಿಲ್ಲ. ಬೀಗರು ಸರ್ಕಾರಿ ವೆಬ್‌ಸೈಟಿನಲ್ಲಿ ಆ ಹೆಸರು ಹುಡುಕಿ, ಅಯೋವಾ ರಾಜ್ಯದಲ್ಲಿ ಅವನ ಸೇವೆಗೆ ಸಿಕ್ಕ ಜಮೀನಿನ ಕಾಗದ ಹಿಡಿದು, ಎರಡು ದಿನ ಕಾರು ಓಡಿಸಿಕೊಂಡು ಅಲ್ಲಿಗೇ ಹೋಗಿಬಂದಿದ್ದರು. ಸ್ಮಶಾನ ನೋಡಿದರು, ಚರ್ಚು ನೋಡಿದರು. ಆ ಹೆಸರಿನವರು ಅಲ್ಲಿ ಯಾವ ಕಾಲಕ್ಕೂ ಇದ್ದ ಗುರುತಿಲ್ಲ.

ಹೊಲ ಅಲ್ಲೇ ಇದೆ. ಮನೆತನ ಮಾತ್ರ ಅಲ್ಲಿಗೆ ಹೋಗೇ ಇಲ್ಲ. ಇದು ಅವರೊಬ್ಬರ ಕಥೆಯಲ್ಲ. ಅಮೆರಿಕದಲ್ಲಿ ಸೈನಿಕರಿಗೆ ಕೊಟ್ಟ ಜಮೀನಿನ ದಾಖಲೆ ಹಿಡಿದು ಹೊರಟವರಲ್ಲಿ ತುಂಬಾ ಜನ ಮೊದಲು ಮಾಡುವ ತಪ್ಪೇ ಇದು. ಯಾಕೆ ಹೀಗಾಗುತ್ತದೆ, ಸರಿಯಾದ ದಾರಿ ಯಾವುದು ಎಂದು ಬಿಡಿಸಿ ಹೇಳುವುದಕ್ಕೇ ಈ ಬರಹ. ಈಗ ನಮ್ಮ ಕನ್ನಡದ ಎಷ್ಟೋ ಮನೆಗಳಿಗೆ ಅಮೆರಿಕದ ಸೊಸೆ ಅಳಿಯಂದಿರು ಬಂದಿದ್ದಾರೆ. ಮೊಮ್ಮಕ್ಕಳ ಅರ್ಧ ಬೇರು ಅಲ್ಲಿದೆ. ಅದನ್ನೂ ತಿಳಿದುಕೊಳ್ಳಬೇಕು ಅಲ್ವಾ?

ಯುದ್ಧ ಮಾಡಿದವನಿಗೆ ಭೂಮಿ ಕೊಡುವುದು ನಮಗೆ ಹೊಸದಲ್ಲ. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನ ಎಂದರೆ ಕನ್ನಡದ ತುಂಬ ಹಳೆಯ ಬರಹ ಎಂದು ಎಲ್ಲರೂ ಬಲ್ಲೆವು. ಅದರಲ್ಲಿ ಏನಿದೆ ಎಂದು ಕೇಳಿದರೆ ಕೆಲವರೇ ಹೇಳುತ್ತಾರೆ. ಯುದ್ಧದಲ್ಲಿ ಪರಾಕ್ರಮ ತೋರಿದ ವಿಜಅರಸನೆಂಬವನಿಗೆ ಹಲ್ಮಿಡಿಯನ್ನೂ ಮೂಳಿವಳ್ಳಿಯನ್ನೂ ‘ಬಾಳ್ಗಳ್ಚು’ ಆಗಿ, ಅಂದರೆ ಕತ್ತಿ ತೊಳೆದ ಗೌರವಕ್ಕೆ, ಕೊಟ್ಟ ಲೆಕ್ಕ ಅದು. ಸುಮಾರು ಕ್ರಿ.ಶ. 450ರದ್ದು. ಸತ್ತ ವೀರನ ಮನೆಯವರಿಗೆ ಕೊಡುತ್ತಿದ್ದ ನೆತ್ತರುಕೊಡಗೆ, ಕೊಡಗಿನಲ್ಲಿ ದಂಡಿನ ಸೇವೆಯ ಜೊತೆ ಬಂದ ಜಮ್ಮಾ ಹಿಡುವಳಿ, ಇವೆಲ್ಲ ಒಂದೇ ಜಾತಿಯವು. ಅಮೆರಿಕದಲ್ಲಿ ಇದಕ್ಕೆ ಬೌಂಟಿ ಲ್ಯಾಂಡ್ ಎನ್ನುತ್ತಾರೆ. ಇನಾಮು ಜಮೀನು ಎಂದುಕೊಳ್ಳಿ.

ಅಲ್ಲಿ ಇದು ಶುರುವಾದದ್ದು ದುಡ್ಡಿಲ್ಲದ ಕಾರಣಕ್ಕೆ. ಬ್ರಿಟಿಷರ ವಿರುದ್ಧ ಸ್ವಾತಂತ್ರ್ಯ ಯುದ್ಧ ಶುರುವಾದಾಗ ಅಲ್ಲಿನ ಕಾಂಗ್ರೆಸ್ಸಿನ ಖಜಾನೆ ಖಾಲಿ. ಸಂಬಳ ಕೊಡುವುದೇ ಕಷ್ಟ. ಆದರೆ ಪಶ್ಚಿಮಕ್ಕೆ ಭೂಮಿ ಬೇಕಾದಷ್ಟಿದೆ ಎನ್ನುವುದು ಅವರ ಲೆಕ್ಕ. 1776ರ ಸೆಪ್ಟೆಂಬರ್ 16ರಂದು ಕಾಂಗ್ರೆಸ್ ಮಾತು ಕೊಟ್ಟಿತು. ಯುದ್ಧ ಮುಗಿಯುವ ತನಕ ದಂಡಿನಲ್ಲಿ ಉಳಿದರೆ ಸಾಮಾನ್ಯ ಸಿಪಾಯಿಗೆ 100 ಎಕರೆ, ಲೆಫ್ಟಿನೆಂಟಿಗೆ 200, ಕ್ಯಾಪ್ಟನ್ನಿಗೆ 300, ಕರ್ನಲ್ಲಿಗೆ 500. ಸತ್ತರೆ ಅವನ ಮನೆಯವರಿಗೆ. ವರ್ಜೀನಿಯಾದಂಥ ಕೆಲವು ರಾಜ್ಯಗಳು ತಮ್ಮದೇ ಲೆಕ್ಕದಲ್ಲಿ ಬೇರೆ ಕೊಟ್ಟವು. ವರ್ಜೀನಿಯಾದ ಕೈ ತೀರಾ ಧಾರಾಳ. ಅಲ್ಲಿ ಕರ್ನಲ್ ಒಬ್ಬನಿಗೆ 6,666 ಎಕರೆಗೂ ಸ್ವಲ್ಪ ಜಾಸ್ತಿ.

ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳಿಬಿಡಬೇಕು. ಆ ಭೂಮಿ ಖಾಲಿ ಇರಲಿಲ್ಲ. ಅಲ್ಲಿ ಮೂಲನಿವಾಸಿಗಳ ಊರು, ಜೋಳದ ಹೊಲ, ಬೇಟೆಯ ಕಾಡು ಇದ್ದವು. ಕೆಲವು ಕಡೆ ಒಪ್ಪಂದದ ಹೆಸರಿನಲ್ಲಿ, ಕೆಲವು ಕಡೆ ಬಂದೂಕಿನ ಮೊನೆಯಲ್ಲಿ ಅದು ಸರ್ಕಾರದ ಕೈಗೆ ಬಂತು. ಈ ದಾಖಲೆ ತೆರೆದು ನೋಡುವವರು ಅದನ್ನು ಮರೆಯಬಾರದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮುಂದೆ ಲಿಂಕನ್ನರ ಕಥೆಗೆ ಬಂದಾಗ ಇದು ಇನ್ನೂ ಸ್ಪಷ್ಟವಾಗುತ್ತದೆ.

ಒಂದು ಜಮೀನು, ಮೂರು ಕಾಗದ

ಗೊಂದಲ ಹುಟ್ಟುವುದು ಇಲ್ಲೇ. ಜಮೀನು ಒಂದೇ ಆದರೂ ಕಾಗದ ಮೂರು. ಮೂರೂ ಬೇರೆ ಬೇರೆ ಕಡೆ ಇವೆ, ಮೂರರಲ್ಲೂ ಬೇರೆ ಬೇರೆ ವಿಷಯವಿದೆ.

ಮೊದಲನೆಯದು ಅರ್ಜಿ. ಸೈನಿಕ, ಅಥವಾ ಅವನು ತೀರಿಕೊಂಡಿದ್ದರೆ ಹೆಂಡತಿ, ಅಥವಾ ಚಿಕ್ಕ ಮಕ್ಕಳ ಪರವಾಗಿ ಅವರ ಪೋಷಕ, ಊರಿನ ನ್ಯಾಯಾಧಿಕಾರಿಯ ಮುಂದೆ ನಿಂತು ಪ್ರಮಾಣ ಮಾಡಿ ಬರೆಸಿದ ಕಾಗದ. ನಾನು ಇಂಥವನು, ಇಷ್ಟು ವಯಸ್ಸು, ಇಂಥ ಊರಲ್ಲಿ ಇದ್ದೇನೆ, ಇಂಥ ಕ್ಯಾಪ್ಟನ್ನಿನ ಕೈಕೆಳಗೆ ಇಂಥ ತಿಂಗಳು ಸೇರಿದೆ, ಇಂಥ ದಿನ ಬಿಡುಗಡೆಯಾದೆ ಎಂದು. ವಿಧವೆಯಾದರೆ ಇನ್ನೂ ಜಾಸ್ತಿ ಹೇಳಬೇಕು. ಮದುವೆ ಯಾವಾಗ, ಎಲ್ಲಿ, ಮಾಡಿಸಿದವರು ಯಾರು, ಮದುವೆಗೆ ಮುಂಚೆ ತನ್ನ ಹೆಸರೇನಿತ್ತು, ಗಂಡ ತೀರಿಕೊಂಡದ್ದು ಯಾವ ದಿನ. ಜೊತೆಗೆ ಅವರನ್ನು ಬಲ್ಲ ಇಬ್ಬರ ಸಾಕ್ಷಿ.

ಎರಡನೆಯದು ವಾರಂಟ್. ನಮ್ಮಲ್ಲಿ ವಾರಂಟ್ ಎಂದರೆ ಪೊಲೀಸರು ನೆನಪಾಗುತ್ತಾರೆ. ಇದು ಅದಲ್ಲ. ‘ಇವನಿಗೆ ಇಷ್ಟು ಎಕರೆ ಬರಬೇಕು’ ಎಂದು ಸರ್ಕಾರ ಬರೆದುಕೊಟ್ಟ ಚೀಟಿ. ಯಾವ ಜಾಗ ಎಂದು ಅದರಲ್ಲಿ ಇರುವುದಿಲ್ಲ. ಚೀಟಿ ಹಿಡಿದು ಹೋಗಿ ಸರ್ಕಾರಿ ಜಮೀನಿನಲ್ಲಿ ಜಾಗ ಆರಿಸಿಕೊಳ್ಳಬೇಕು. ಬೇಡವಾದರೆ ಚೀಟಿಯನ್ನೇ ಮಾರಬಹುದು. ಮಾರಿದರೆ ಅದರ ಹಿಂಬದಿಯಲ್ಲಿ ‘ಇಂಥವರಿಗೆ ವರ್ಗಾಯಿಸಿದ್ದೇನೆ’ ಎಂದು ಸಾಕ್ಷಿ ಸಮೇತ ಸಹಿ ಹಾಕಬೇಕು.

ಮೂರನೆಯದು ಪೇಟೆಂಟ್. ಇದೂ ನಾವು ಅಂದುಕೊಂಡ ಪೇಟೆಂಟ್ ಅಲ್ಲ. ನಮ್ಮ ಸಾಗುವಳಿ ಚೀಟಿಯ ಹಾಗೆ, ಸರ್ಕಾರದ ಕೈಯಿಂದ ಮೊಟ್ಟಮೊದಲ ಸಲ ಜಮೀನು ಬಿಟ್ಟುಕೊಟ್ಟ ಹಕ್ಕುಪತ್ರ. ವಾರಂಟ್ ಯಾರ ಕೈಯಲ್ಲಿ ಕೊನೆಗೆ ಉಳಿಯಿತೋ ಅವರ ಹೆಸರಿಗೆ ಪೇಟೆಂಟ್.

ಬೀಗರಿಗೆ ಸಿಕ್ಕಿದ್ದು ಈ ಮೂರನೆಯದು. ಇಂಟರ್‌ನೆಟ್ಟಿನಲ್ಲಿ ಸುಲಭವಾಗಿ ಸಿಗುವುದೂ ಅದೇ. ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಎನ್ನುವ ಇಲಾಖೆ ಹಳೆಯ ಜನರಲ್ ಲ್ಯಾಂಡ್ ಆಫೀಸಿನ ಪೇಟೆಂಟುಗಳ ಚಿತ್ರಗಳನ್ನು ಬಿಟ್ಟಿಯಾಗಿ ನೋಡಲು ಇಟ್ಟಿದೆ. ಹೆಸರು ಹಾಕಿದರೆ ಕಾಗದ ಬರುತ್ತದೆ. ಆದರೆ ಅದನ್ನು ನಿಧಾನವಾಗಿ ಓದಬೇಕು. ಅದರಲ್ಲಿ ಎರಡು ಹೆಸರಿರುತ್ತವೆ. ಸೇವೆ ಮಾಡಿದ ಸೈನಿಕನದ್ದು ಒಂದು, ವಾರಂಟ್ ಕೊಂಡುಕೊಂಡವನದ್ದು ಇನ್ನೊಂದು. ಬೀಗರು ಮೊದಲನೆಯ ಹೆಸರು ಕಂಡ ಸಂತೋಷದಲ್ಲಿ ಎರಡನೆಯದನ್ನು ಗಮನಿಸಿರಲಿಲ್ಲ. ಅಯೋವಾದ ಆ ಹೊಲ ಯಾರೋ ಬೇರೆಯವರದ್ದು.

ಸೈನಿಕರಲ್ಲಿ ಬಹಳ ಮಂದಿ ವಾರಂಟ್ ಮಾರಿಬಿಟ್ಟರು. ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಪೆನ್ಸಿಲ್ವೇನಿಯಾದಲ್ಲಿ ಮನೆ ಮಾಡಿಕೊಂಡ ಅರವತ್ತು ದಾಟಿದ ಮುದುಕ ಅಥವಾ ವಿಧವೆ ನೂರಾರು ಮೈಲಿ ದೂರದ ಹುಲ್ಲುಗಾವಲಿಗೆ ಹೋಗಿ ನೇಗಿಲು ಹಿಡಿಯುವುದುಂಟೇ? ದಲ್ಲಾಳಿಗಳು ಬಂದು ಕೊಂಡರು. ಸರ್ಕಾರಿ ಜಮೀನಿಗೆ ಎಕರೆಗೆ ಕನಿಷ್ಠ ಒಂದೂಕಾಲು ಡಾಲರ್ ಇದ್ದ ಕಾಲದಲ್ಲಿ ವಾರಂಟ್ ಅದಕ್ಕಿಂತ ಕಡಿಮೆಗೆ ಸಿಗುತ್ತಿತ್ತು. ಪಶ್ಚಿಮಕ್ಕೆ ಹೊರಟವರು ಅದನ್ನು ಕೊಂಡು ಜಮೀನು ಮಾಡಿಕೊಂಡರು.

ಹಾಗಾಗಿ ನಾನು ಎಲ್ಲರಿಗೂ ಹೇಳುವುದು ಇಷ್ಟೇ. ಹೊಲ ಹುಡುಕಬೇಡಿ, ಅರ್ಜಿ ಹುಡುಕಿ. ಕುಟುಂಬ ಇರುವುದು ಅರ್ಜಿಯಲ್ಲಿ. ಜಮೀನಿನ ಆಸೆ ಮನೆಯವರನ್ನೆಲ್ಲ ಕರೆದು ಒಂದು ಹಾಳೆಯ ಮೇಲೆ ಕೂರಿಸುತ್ತದೆ. ಪೌತಿ ಖಾತೆ ಇಲ್ಲದಿದ್ದರೆ ನನ್ನ ಫೋನಿನಲ್ಲಿ ನಮ್ಮ ವಂಶವೃಕ್ಷವೂ ಇರುತ್ತಿರಲಿಲ್ಲ.

ಯಾವ ಕಾಯ್ದೆ, ಎಷ್ಟು ಎಕರೆ

ಅರ್ಜಿ ಹುಡುಕಬೇಕಾದರೆ ನಿಮ್ಮ ಹಿರಿಯ ಯಾವ ಕಾಯ್ದೆಯ ಕೆಳಗೆ ಬರುತ್ತಾನೆ ಎಂದು ಗೊತ್ತಿರಬೇಕು. ಕಾಯ್ದೆಗಳು ಹಲವು. ಎಲ್ಲವನ್ನೂ ಬಾಯಿಪಾಠ ಮಾಡಬೇಕಿಲ್ಲ, ಮುಖ್ಯವಾದವು ಸಾಕು.

ಸ್ವಾತಂತ್ರ್ಯ ಯುದ್ಧದ ಸೈನಿಕರಿಗೆಂದು ಕೇಂದ್ರ ಸರ್ಕಾರ 1796ರಲ್ಲಿ ಓಹಿಯೋದಲ್ಲಿ ಒಂದು ದೊಡ್ಡ ಪ್ರದೇಶ ತೆಗೆದಿಟ್ಟಿತು. ಸುಮಾರು 25 ಲಕ್ಷ ಎಕರೆ. ಆದರೆ ಮೊದಲಿಗೆ ಅಲ್ಲಿ 4,000 ಎಕರೆಗಿಂತ ಕಡಿಮೆಯ ತುಂಡು ಕೊಡುತ್ತಿರಲಿಲ್ಲ. 100 ಎಕರೆ ಬರಬೇಕಾದ ಸಿಪಾಯಿ ಏನು ಮಾಡಬೇಕು? 40 ಜನ ಸೇರಬೇಕು, ಇಲ್ಲವೇ ಮಾರಬೇಕು. 1800ರಲ್ಲಿ 100 ಎಕರೆಯ ತುಂಡುಗಳಿಗೆ ಅವಕಾಶ ಆಗುವ ಹೊತ್ತಿಗೆ ಎಷ್ಟೋ ವಾರಂಟುಗಳು ದಲ್ಲಾಳಿಗಳ ಕೈ ಸೇರಿದ್ದವು.

ಅದೇ ಓಹಿಯೋದಲ್ಲಿ ವರ್ಜೀನಿಯಾ ತನ್ನ ಸೈನಿಕರಿಗೆ ಬೇರೆ ಪ್ರದೇಶ ಇಟ್ಟುಕೊಂಡಿತ್ತು. ಸಯೋಟೊ ಮತ್ತು ಲಿಟಲ್ ಮಯಾಮಿ ನದಿಗಳ ನಡುವಿನದು. ಈಗ ಕೊಲಂಬಸ್ ನಗರದ ಪಶ್ಚಿಮ ಭಾಗ, ನಮ್ಮವರು ತುಂಬಾ ಮಂದಿ ಮನೆ ಮಾಡಿರುವ ಡಬ್ಲಿನ್ ಕಡೆ ಎಲ್ಲ ಆ ಪ್ರದೇಶದೊಳಗೇ ಬರುತ್ತದೆ. ಅಲ್ಲಿನ ಹಳೆಯ ಪತ್ರ ಓದಿದರೆ ಹಳ್ಳಿಯ ಕ್ರಯಪತ್ರ ಓದಿದಂತೆ. ಮರ, ಹೊಳೆ, ಪಕ್ಕದವನ ಗಡಿ ಹೇಳಿಕೊಂಡು ಹೋಗುವ ಚಕ್ಕುಬಂದಿ. ಎರಡು ಬೀಚ್ ಮರದಿಂದ ಶುರು, ಇಂಥ ದಿಕ್ಕಿಗೆ ಇಷ್ಟು ಅಳತೆ, ಅಲ್ಲೊಂದು ಸಕ್ಕರೆ ಮೇಪಲ್ ಮರ. ಚಕ್ಕುಬಂದಿ ಓದಿ ಅಭ್ಯಾಸವಿರುವ ಕನ್ನಡಿಗರಿಗೆ ಇದು ಅಮೆರಿಕದವರಿಗಿಂತ ಬೇಗ ಅರ್ಥವಾಗುತ್ತದೆ. ಅಲ್ಲಿನ ಮುಂದಿನ ಸರ್ವೆಗಳು ಚೌಕದ ಲೆಕ್ಕದವು. ಆರು ಮೈಲಿ ಚೌಕಕ್ಕೆ ಒಂದು ಟೌನ್‌ಶಿಪ್, ಅದರಲ್ಲಿ 36 ಸೆಕ್ಷನ್, ಒಂದು ಸೆಕ್ಷನ್ನಿಗೆ 640 ಎಕರೆ. ಅದರ ಕಾಲು ಭಾಗ 160, ಕಾಲಿನಲ್ಲಿ ಕಾಲು 40. ಮುಂದಿನ ಕಾಯ್ದೆಗಳಲ್ಲಿ 160, 80, 40 ಎಂಬ ಸಂಖ್ಯೆಗಳೇ ಯಾಕೆ ಬರುತ್ತವೆ ಎಂದು ಈಗ ಗೊತ್ತಾಯಿತಲ್ಲ?

1812ರಲ್ಲಿ ಬ್ರಿಟಿಷರ ಜೊತೆ ಮತ್ತೆ ಯುದ್ಧವಾಯಿತು. ಖಾಯಂ ಸೈನ್ಯಕ್ಕೆ ಐದು ವರ್ಷಕ್ಕೆ ಅಥವಾ ಯುದ್ಧ ಮುಗಿಯುವ ತನಕ ಸೇರಿದ ಸಿಪಾಯಿಗೆ 160 ಎಕರೆ ಎಂದರು. 1814ರ ಡಿಸೆಂಬರ್ ನಂತರ ಸೇರಿದವರಿಗೆ ಅದರ ಎರಡರಷ್ಟು, 320. ಜಮೀನು ಇಲಿನಾಯ್, ಮಿಸೌರಿ, ಆರ್ಕನ್ಸಾಸ್ ಕಡೆ. ಇಲಿನಾಯ್ ಮತ್ತು ಮಿಸಿಸಿಪ್ಪಿ ನದಿಗಳ ನಡುವೆಯೇ 35 ಲಕ್ಷ ಎಕರೆ. ಈ ಯುದ್ಧದ ವಾರಂಟುಗಳನ್ನು 1852ರ ತನಕ ಮಾರುವಂತಿರಲಿಲ್ಲ. ಜಾಗವನ್ನೂ ತಾವೇ ಆರಿಸುವಂತಿರಲಿಲ್ಲ, ಚೀಟಿ ಎತ್ತಿ ಕೊಡುತ್ತಿದ್ದರು. ಆದರೆ ಪೇಟೆಂಟ್ ಬಂದ ಮೇಲೆ ಜಮೀನು ಮಾರುವುದಕ್ಕೆ ಅಡ್ಡಿಯಿರಲಿಲ್ಲ. ಹಾಗಾಗಿ ಇಂಥ ಸೈನಿಕನ ಜಮೀನು ಇಲಿನಾಯ್‌ನ ಪೈಕ್ ಅಥವಾ ಫುಲ್ಟನ್ ಕೌಂಟಿಯಲ್ಲಿದ್ದರೆ, ಆ ಕೌಂಟಿ ಕಚೇರಿಯ ಹಳೆಯ ಕ್ರಯಪತ್ರ ನೋಡಲೇಬೇಕು. ಮಾರುವಾಗ ಹೆಂಡತಿಯೂ ಸಹಿ ಹಾಕಿರುತ್ತಾಳೆ, ಅವರು ಆಗ ವಾಸವಿದ್ದ ಊರೂ ಬರೆದಿರುತ್ತದೆ.

1847ರಲ್ಲಿ ಮೆಕ್ಸಿಕೊ ಯುದ್ಧದವರಿಗೆಂದು ಒಂದು ಕಾಯ್ದೆ ಬಂತು. 12 ತಿಂಗಳು ಸೇವೆಗೆ 160 ಎಕರೆ, ಕಡಿಮೆಯಾದರೆ 40. ಹುಡುಕುವವರಿಗೆ ನಿಜವಾದ ನಿಧಿ ಸಿಗುವುದು ಇದರ ನಂತರದ ಎರಡು ಕಾಯ್ದೆಗಳಲ್ಲಿ. 1850ರದ್ದು ಖಾಯಂ ಸೈನಿಕರನ್ನಷ್ಟೇ ಅಲ್ಲ, 1812ರ ಯುದ್ಧದಲ್ಲಿ ಕೆಲವೇ ವಾರ ದುಡಿದ ಮಿಲಿಷಿಯಾದವರನ್ನೂ ಸೇರಿಸಿತು. ಮಿಲಿಷಿಯಾ ಎಂದರೆ ಊರ ರೈತರು, ಕಮ್ಮಾರರು, ಕರೆ ಬಂದಾಗ ಬಂದೂಕು ಎತ್ತಿಕೊಂಡು ಹೋಗಿ ಬಂದವರು. ಒಂಬತ್ತು ತಿಂಗಳಿಗೆ 160 ಎಕರೆ, ನಾಲ್ಕು ತಿಂಗಳಿಗೆ 80, ಒಂದು ತಿಂಗಳಿಗೆ 40. ಆಮೇಲೆ 1855ರ ಮಾರ್ಚ್ 3ರ ಕಾಯ್ದೆ. ಇದು ಬಾಗಿಲನ್ನೇ ತೆಗೆದುಬಿಟ್ಟಿತು. 14 ದಿನ ಸೇವೆ ಮಾಡಿದ್ದರೆ, ಅಥವಾ ಒಂದು ಕದನದಲ್ಲಿ ಇದ್ದರೂ ಸಾಕು, 160 ಎಕರೆ. ಮೊದಲು ಕಡಿಮೆ ಪಡೆದವರಿಗೆ ಉಳಿದದ್ದನ್ನು ತುಂಬಿಕೊಟ್ಟರು. ಗಾಡಿ ಹೊಡೆದವರು, ಸೈನ್ಯದ ಪಾದ್ರಿಗಳು, ಅಮೆರಿಕದ ಪರ ಹೋರಾಡಿದ ಮೂಲನಿವಾಸಿಗಳು, ಎಲ್ಲರೂ ಬಂದರು. 1847ರಿಂದ 1855ರವರೆಗಿನ ಕಾಯ್ದೆಗಳಲ್ಲಿ ಹಂಚಿದ್ದು ಐದೂವರೆ ಲಕ್ಷದಷ್ಟು ವಾರಂಟ್, ಆರು ಕೋಟಿ ಎಕರೆಗೂ ಜಾಸ್ತಿ.

ಐದೂವರೆ ಲಕ್ಷ ವಾರಂಟ್ ಎಂದರೆ ಅದರ ಹಿಂದೆ ಲಕ್ಷಗಟ್ಟಲೆ ಅರ್ಜಿ. ಪ್ರತಿಯೊಂದರಲ್ಲೂ ಒಂದು ಮನೆಯ ಮಾತು.

1861ರಿಂದ ನಡೆದ ಅಂತರ್ಯುದ್ಧದ ಸೈನಿಕರಿಗೆ ಮಾತ್ರ ಈ ಬೌಂಟಿ ಲ್ಯಾಂಡ್ ಇಲ್ಲ. ಅವರಿಗೆ 1862ರ ಹೋಮ್‌ಸ್ಟೆಡ್ ಕಾಯ್ದೆ ಬೇರೆ ಇತ್ತು. ಅಂಥ ಹಿರಿಯನನ್ನು ಇಲ್ಲಿ ಹುಡುಕಿ ದಿನ ಕಳೆಯಬೇಡಿ.

ಲಿಂಕನ್ನರ 40 ಮತ್ತು 120

ಲೆಕ್ಕ ತಲೆಗೆ ಹತ್ತಬೇಕಾದರೆ ಎಲ್ಲರಿಗೂ ಗೊತ್ತಿರುವ ಒಬ್ಬ ಸೈನಿಕನನ್ನು ತೆಗೆದುಕೊಳ್ಳೋಣ. ಅಬ್ರಹಾಂ ಲಿಂಕನ್.

1832ರಲ್ಲಿ ಸಾಕ್ ಜನಾಂಗದ ನಾಯಕ ಬ್ಲ್ಯಾಕ್ ಹಾಕ್ ತನ್ನ ಜನರನ್ನು ಕಟ್ಟಿಕೊಂಡು ಮಿಸಿಸಿಪ್ಪಿ ದಾಟಿ ಇಲಿನಾಯ್‌ಗೆ ವಾಪಸು ಬಂದ. ಅದು ಅವರ ಹಳೆಯ ನೆಲ. 1804ರ ಒಪ್ಪಂದದಲ್ಲಿ ಅದು ಹೋಯಿತು ಎಂದು ಸರ್ಕಾರ ಹೇಳುತ್ತಿತ್ತು, ಬ್ಲ್ಯಾಕ್ ಹಾಕ್ ಅದನ್ನು ಒಪ್ಪಿರಲಿಲ್ಲ. ಅವನನ್ನು ಓಡಿಸಲು ಮಿಲಿಷಿಯಾ ಕರೆದರು. ಇಪ್ಪತ್ಮೂರು ವರ್ಷದ ಲಿಂಕನ್ ಸೇರಿದರು, ಜೊತೆಗಾರರು ಅವರನ್ನೇ ಕ್ಯಾಪ್ಟನ್ ಆಗಿ ಆರಿಸಿದರು. ಒಟ್ಟು ಸೇವೆ ಸುಮಾರು 80 ದಿನ.

ಈಗ ಕಾಯ್ದೆ ಹಾಕಿ ನೋಡಿ. 1850ರ ಕಾಯ್ದೆಯಲ್ಲಿ 80 ದಿನ ಎಂದರೆ ಒಂದು ತಿಂಗಳಿಗಿಂತ ಜಾಸ್ತಿ, ನಾಲ್ಕಕ್ಕಿಂತ ಕಡಿಮೆ. 40 ಎಕರೆ. ಆ ವಾರಂಟಿನಿಂದ ಅವರಿಗೆ ಅಯೋವಾದ ಟಾಮಾ ಕೌಂಟಿಯಲ್ಲಿ ಜಮೀನು ಬಂತು. 1855ರ ಕಾಯ್ದೆ ಬಂದ ಮೇಲೆ 160ಕ್ಕೆ ಉಳಿದದ್ದು 120. ಅದಕ್ಕೆ ಎರಡನೇ ಅರ್ಜಿ, ಎರಡನೇ ವಾರಂಟ್. ಆ 120 ಎಕರೆ ಅದೇ ರಾಜ್ಯದ ಕ್ರಾಫರ್ಡ್ ಕೌಂಟಿಯಲ್ಲಿ. ಅದರ ಪೇಟೆಂಟ್ ಆದದ್ದು 1860ರಲ್ಲಿ, ಅವರು ಅಧ್ಯಕ್ಷರಾಗಿ ಆಯ್ಕೆಯಾದ ವರ್ಷವೇ.

ಲಿಂಕನ್ ಆ ಎರಡೂ ಜಾಗದಲ್ಲಿ ಒಂದು ದಿನವೂ ವಾಸ ಮಾಡಲಿಲ್ಲ. ಟಾಮಾ ಕೌಂಟಿಗೆ ಹೋಗಿ ಲಿಂಕನ್ ಮನೆತನದ ಸಮಾಧಿ ಹುಡುಕಿದರೆ ಏನು ಸಿಗುತ್ತದೆ? ಅದೇ ಕೌಂಟಿಯಲ್ಲಿ ಸಿಗುವುದು ಬೇರೆಯವರ ಕಥೆ. ಸಾಕ್ ಜನರ ಜೊತೆಗಾರರಾದ ಮೆಸ್ಕ್ವಾಕಿ ಜನ 1857ರಲ್ಲಿ ತಮ್ಮದೇ ದುಡ್ಡು ಕೂಡಿಸಿ ಅಲ್ಲಿ 80 ಎಕರೆ ಕೊಂಡುಕೊಂಡರು. ಕಳೆದುಕೊಂಡ ನೆಲದಲ್ಲಿ ಒಂದು ತುಂಡನ್ನು ಕ್ರಯಕ್ಕೆ ವಾಪಸು ತೆಗೆದುಕೊಂಡರು. ಇವತ್ತಿಗೂ ಅಲ್ಲೇ ಇದ್ದಾರೆ. ಅವರ ವಿರುದ್ಧದ ಯುದ್ಧದ ಇನಾಮು ಜಮೀನು, ಅವರು ಮರಳಿ ಕೊಂಡ ಜಮೀನು, ಎರಡೂ ಒಂದೇ ಕೌಂಟಿಯ ದಾಖಲೆಯಲ್ಲಿವೆ. ನಾನು ಮೊದಲು ಹೇಳಿದ್ದು ಇದನ್ನೇ.

ಫೈಲಿನ ತಲೆಯ ಮೇಲಿನ ಅಂಕಿ

ಅರ್ಜಿಗಳು ಇರುವುದು ವಾಷಿಂಗ್ಟನ್ ನಗರದ ನ್ಯಾಷನಲ್ ಆರ್ಕೈವ್ಸ್‌ನಲ್ಲಿ. ಸ್ವಾತಂತ್ರ್ಯ ಯುದ್ಧದವು ಪಿಂಚಣಿ ಫೈಲುಗಳ ಜೊತೆಯಲ್ಲೇ ಸೇರಿಕೊಂಡಿವೆ. ಸುಮಾರು 80 ಸಾವಿರ ಫೈಲು, ಎಂ804 ಎಂಬ ಮೈಕ್ರೋಫಿಲ್ಮ್ ಸರಣಿಯಲ್ಲಿ. ಇವು ಆನ್‌ಲೈನ್‌ನಲ್ಲೂ ಸಿಗುತ್ತವೆ. ಫೈಲಿನ ತಲೆಯ ಮೇಲೆ ಎಸ್ ಎಂದಿದ್ದರೆ ಸೈನಿಕ ತಾನೇ ಹಾಕಿದ್ದು, ಡಬ್ಲ್ಯು ಎಂದಿದ್ದರೆ ವಿಧವೆಯದ್ದು, ಆರ್ ಎಂದಿದ್ದರೆ ತಿರಸ್ಕಾರವಾದದ್ದು. ಬಿಎಲ್‌ಡಬ್ಲ್ಯುಟಿ ಎಂದಿದ್ದರೆ ಬೌಂಟಿ ಲ್ಯಾಂಡ್ ವಾರಂಟ್.

ಅದರ ಮುಂದೆ ಮೂರು ಅಂಕಿಗಳು ಅಡ್ಡಗೆರೆ ಹಾಕಿಕೊಂಡು ಇರಬಹುದು. ಸುಮ್ನೆ ಒಂದು ಉದಾಹರಣೆಗೆ 12345-160-55 ಎಂದಿಟ್ಟುಕೊಳ್ಳಿ. ಮೊದಲನೆಯದು ವಾರಂಟ್ ನಂಬರ್, ಎರಡನೆಯದು ಎಕರೆ, ಮೂರನೆಯದು ಕಾಯ್ದೆಯ ವರ್ಷ, ಅಂದರೆ 1855. ಈ ಮೂರೂ ಸೇರಿದರೇನೇ ಗುರುತು ಪೂರ್ತಿ. ಬರೀ ವಾರಂಟ್ ನಂಬರ್ ಹೇಳಿದರೆ ಆಗುವುದಿಲ್ಲ. ಯಾಕೆಂದರೆ ಪ್ರತಿ ಕಾಯ್ದೆಗೂ, ಪ್ರತಿ ಎಕರೆ ಲೆಕ್ಕಕ್ಕೂ ನಂಬರ್ ಹೊಸದಾಗಿ ಶುರುವಾಗುತ್ತದೆ. ಈ ಮೂರು ಅಂಕಿ ಕೈಯಲ್ಲಿದ್ದರೆ ವಾರಂಟ್ ಫೈಲನ್ನೂ ತರಿಸಬಹುದು. ಪೇಟೆಂಟಿನಲ್ಲೂ ಇವೇ ಅಂಕಿಗಳಿರುತ್ತವೆ. ಹಾಗಾಗಿ ಬೀಗರ ಅಯೋವಾ ಕಾಗದ ದಂಡವಾಗಲಿಲ್ಲ. ಅದು ಊರಿಗೆ ದಾರಿಯಲ್ಲ, ಫೈಲಿಗೆ ದಾರಿ.

1812ರ ಯುದ್ಧ ಮತ್ತು ಅದರ ನಂತರದ ಸೇವೆಗೆ ಹಾಕಿದ ಅರ್ಜಿಗಳು ಸೈನಿಕನ ಹೆಸರಿನ ಅಕ್ಷರದ ಸಾಲಿನಲ್ಲಿ ಜೋಡಿಸಿವೆ. ಇವೆಲ್ಲ ಆನ್‌ಲೈನ್‌ಗೆ ಬಂದಿಲ್ಲ. ಆರ್ಕೈವ್ಸ್‌ಗೆ ಎನ್‌ಎಟಿಎಫ್ 85 ಎಂಬ ಫಾರಂ ತುಂಬಿ ತರಿಸಿಕೊಳ್ಳಬೇಕು. ಹೆಸರು, ರಾಜ್ಯ, ಯಾವ ಯುದ್ಧ, ಗೊತ್ತಿದ್ದರೆ ಕ್ಯಾಪ್ಟನ್ನಿನ ಹೆಸರು. ಕ್ಯಾಪ್ಟನ್ನಿನ ಹೆಸರನ್ನು ಬಿಡಬೇಡಿ. ಒಂದೇ ಹೆಸರಿನ ಹತ್ತು ಸೈನಿಕರು ಸಿಗುತ್ತಾರೆ. ನಮ್ಮಲ್ಲಿ ಒಂದೇ ಊರಲ್ಲಿ ನಾಲ್ಕು ರಂಗೇಗೌಡರಿದ್ದರೆ ಯಾರ ಮನೆಯ ರಂಗೇಗೌಡ ಎಂದು ಕೇಳುವುದಿಲ್ಲವೇ, ಹಾಗೆ ಅಲ್ಲಿ ಯಾವ ಕ್ಯಾಪ್ಟನ್ನಿನ ರಂಗೇಗೌಡ ಎಂದು ಕೇಳಬೇಕು. 1812ರ ಯುದ್ಧದ ಪಿಂಚಣಿ ಫೈಲುಗಳನ್ನೂ ಒಮ್ಮೆ ನೋಡಿ. ಬೌಂಟಿ ಅರ್ಜಿ ಎಷ್ಟೋ ಸಲ ಅದರೊಳಗೆ ಸೇರಿಹೋಗಿರುತ್ತದೆ.

ಒಂದು ನಷ್ಟದ ಮಾತು. 1800ರ ನವೆಂಬರ್ 8ರ ರಾತ್ರಿ ವಾಷಿಂಗ್ಟನ್ನಿನ ಯುದ್ಧ ಇಲಾಖೆಯ ಕಟ್ಟಡಕ್ಕೆ ಬೆಂಕಿ ಬಿತ್ತು. ಅಲ್ಲಿಯವರೆಗಿನ ಅರ್ಜಿಗಳು ಸುಟ್ಟುಹೋದವು. ಅದಕ್ಕೆ ಮುಂಚೆ ವಾರಂಟ್ ಪಡೆದವರ ಹೆಸರಿಗೆ ಈಗ ಒಂದು ಕಾರ್ಡ್ ಮಾತ್ರ ಇರುತ್ತದೆ. ಹೆಸರು, ದರ್ಜೆ, ರಾಜ್ಯ, ವಾರಂಟ್ ನಂಬರ್, ಕೊಟ್ಟ ದಿನ, ಕೊಂಡವನ ಹೆಸರು. ಅಷ್ಟೇ. ಅಂಥ ಕಾರ್ಡ್ ಸಿಕ್ಕರೆ ಬೇಜಾರು ಮಾಡಿಕೊಂಡು ಬಿಟ್ಟುಬಿಡಬೇಡಿ. ಆ ಸೈನಿಕ ಅಥವಾ ಅವನ ಹೆಂಡತಿ ಮುಂದೆ ಪಿಂಚಣಿಗೆ ಅರ್ಜಿ ಹಾಕಿರಬಹುದು. 1855ರ ಕಾಯ್ದೆಯಲ್ಲಿ ಮತ್ತೆ ಬಂದಿರಬಹುದು.

ತಿರಸ್ಕಾರವಾದ ಫೈಲುಗಳ ಬಗ್ಗೆ ನನಗೆ ವಿಶೇಷ ಅಕ್ಕರೆ. ಕೇಳಿದ್ದು ತಕ್ಷಣ ಸಿಕ್ಕವರು ಎರಡು ಹಾಳೆ ಬರೆದು ಸುಮ್ಮನಾದರು. ಸಿಗದವರು ಮತ್ತೆ ಮತ್ತೆ ಬರೆದರು. ಪಕ್ಕದ ಮನೆಯವರ ಸಾಕ್ಷಿ ತಂದರು, ಪಾದ್ರಿಯ ಚೀಟಿ ತಂದರು. ಮದುವೆಯ ದಾಖಲೆ ಬೇರೆಲ್ಲೂ ಇಲ್ಲ ಎಂದಾಗ ಮನೆಯ ಬೈಬಲ್ಲಿನಲ್ಲಿ ಮದುವೆ, ಹುಟ್ಟು, ಸಾವು ಬರೆದಿಟ್ಟಿದ್ದ ಹಾಳೆಯನ್ನೇ ಹರಿದು ಸರ್ಕಾರಕ್ಕೆ ಕಳಿಸಿದರು. ಆ ಹಾಳೆಗಳು ಇವತ್ತಿಗೂ ಅಲ್ಲೇ ಫೈಲುಗಳೊಳಗಿವೆ. ಮನೆಯಲ್ಲಿ ಉಳಿದ ಬೈಬಲ್ ಎಲ್ಲಿ ಹೋಯಿತೋ, ಹರಿದು ಕೊಟ್ಟ ಹಾಳೆ ಮಾತ್ರ ಉಳಿಯಿತು.

ವಯಸ್ಸನ್ನು ಮಾತ್ರ ಪೂರ್ತಿ ನಂಬಬೇಡಿ. ನಮ್ಮಜ್ಜಿಯನ್ನು ವಯಸ್ಸೆಷ್ಟು ಎಂದು ಕೇಳಿದರೆ ‘ಪ್ಲೇಗು ಬಂದಾಗ ನಾನು ಎದ್ದು ಓಡಾಡ್ತಿದ್ದೆ’ ಎನ್ನುತ್ತಿದ್ದರು. ಅಲ್ಲೂ ಅಷ್ಟೇ. ಹೆಸರಿನ ಅಕ್ಷರವೂ ಹಾಗೇ, ಬರೆದುಕೊಂಡ ಗುಮಾಸ್ತನ ಕಿವಿಗೆ ಬಿದ್ದ ಹಾಗೆ. ಗಟ್ಟಿಯಾಗಿ ಹಿಡಿಯಬೇಕಾದ್ದು ಸಾಕ್ಷಿಗಳ ಹೆಸರು. ಪ್ರಮಾಣ ಮಾಡಲು ಬಂದವರು ದಾರಿಹೋಕರಲ್ಲ. ಅಣ್ಣ, ಭಾವ, ಬಾಲ್ಯದ ನೆರೆಯವರು. ಅರ್ಜಿದಾರರ ಹೆಸರಿಗಿಂತ ಕೆಳಗಿನ ಆ ಎರಡು ಸಹಿಗಳೇ ಎಷ್ಟೋ ಸಲ ಮುಂದಿನ ಬಾಗಿಲು ತೆಗೆಯುತ್ತವೆ.

ಬೀಗರ ಮನೆಯಲ್ಲಿ ಆದದ್ದೂ ಅದೇ. ಪೇಟೆಂಟಿನಲ್ಲಿದ್ದ ಅಂಕಿ ಬರೆದು ಫಾರಂ ಕಳಿಸಿದೆವು. ಸ್ಕ್ಯಾನ್ ಮಾಡಿದ ಹಾಳೆಗಳು ಬಂದವು. ಎರಡು ಅರ್ಜಿ. ಒಂದು 1851ರದ್ದು, 40 ಎಕರೆಗೆ. ಇನ್ನೊಂದು 1855ರದ್ದು, ಉಳಿದ 120ಕ್ಕೆ. ಗಂಡ ಆಗಲೇ ತೀರಿಕೊಂಡಿದ್ದ, ಎರಡನ್ನೂ ಹಾಕಿದವಳು ಆಕೆ. ಮೊದಲ ಅರ್ಜಿಯಲ್ಲಿ ವಯಸ್ಸು ಐವತ್ತೆಂಟು. ನಾಲ್ಕು ವರ್ಷದ ನಂತರ ಅರವತ್ತೈದು. ಸಹಿಯ ಜಾಗದಲ್ಲಿ ಒಂದು ಅಡ್ಡ, ಒಂದು ಉದ್ದ ಗೆರೆ. ನಮ್ಮ ಹೆಬ್ಬೆಟ್ಟಿನ ಹಾಗೆ. ಮೊದಲ ಗೆರೆ ನೇರವಾಗಿದೆ. ಎರಡನೆಯದು ಮಧ್ಯದಲ್ಲಿ ನಡುಗಿದೆ. ಗೆರೆಯ ಎರಡೂ ಬದಿಗೆ ಗುಮಾಸ್ತ ಆಕೆಯ ಹೆಸರು ಬರೆದಿದ್ದಾನೆ.

ಮದುವೆಗೆ ಮುಂಚಿನ ಹೆಸರು ಮೊದಲ ಅರ್ಜಿಯಲ್ಲೇ ಇತ್ತು. ಪೆನ್ಸಿಲ್ವೇನಿಯಾದ ಯಾವ ಕೌಂಟಿಯಲ್ಲಿ ಯಾವ ಪಾದ್ರಿ ಮದುವೆ ಮಾಡಿಸಿದ ಎನ್ನುವುದೂ ಇತ್ತು. ಸಾಕ್ಷಿ ಹಾಕಿದವರಲ್ಲಿ ಒಬ್ಬನ ಅಡ್ಡಹೆಸರು ಆಕೆಯ ತವರಿನದ್ದೇ. ಬೀಗಿತ್ತಿ ಆ ಸಾಲನ್ನು ಎರಡು ಸಲ ಗಟ್ಟಿಯಾಗಿ ಓದಿದರು. ಆಮೇಲೆ ಮೊಮ್ಮಗಳ ಹಾಳೆ ತೆಗೆದು, ಇಷ್ಟು ದಿನ ಗಂಡನ ಹೆಸರಿನ ಪಕ್ಕ ಖಾಲಿ ಬಿಟ್ಟಿದ್ದ ಚೌಕದಲ್ಲಿ ಆಕೆಯ ಹೆಸರು ಬರೆಸಿದರು.

ಈಗ ವಾರಂಟ್ ಫೈಲಿಗೂ ಬರೆದು ಹಾಕಿದ್ದೇವೆ. ಅದರ ಹಿಂಬದಿಯಲ್ಲಿ ಆಕೆ ಅದನ್ನು ಯಾರಿಗೆ, ಯಾವ ದಿನ, ಯಾವ ಊರಲ್ಲಿ ಕೂತು ವರ್ಗಾಯಿಸಿದಳು ಎಂದು ಇರುತ್ತದೆ. ಅಲ್ಲಿ ಇನ್ನೊಂದು ಗೆರೆ ಇರಬೇಕು. ಕಾಯುತ್ತಿದ್ದೇವೆ.